ಎಲೆ ಕೆಳಗೆ ಒಂದೂ ಹೇನಿಲ್ಲ, ಆದರೂ ಪಪ್ಪಾಯಿಗೆ ಉಂಗುರ ರೋಗ ಯಾಕೆ?

ಹೋದ ವಾರ ವಿಜಯಪುರದ ಗಾಂಧಿ ಚೌಕದಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ. ತಿಕೋಟಾ ಕಡೆಯ ಹುಡುಗನೊಬ್ಬ ಬಂದು ಮೊಬೈಲ್ ಮುಂದೆ ಹಿಡಿದ. ಅವನ ಒಂದು ಎಕರೆ ಪಪ್ಪಾಯಿಯ ಫೋಟೋಗಳು. ಸುಳಿ ಎಲೆಯಲ್ಲಿ ಹಳದಿ-ಹಸಿರು ಮಚ್ಚೆ, ಕೆಲವು ಎಲೆ ಬೂಟಿನ ಲೇಸಿನ ಹಾಗೆ ಸಣ್ಣಗಾಗಿ ಜೋತು ಬಿದ್ದಿವೆ. ತೊಟ್ಟಿನ ಮೇಲೆ ಎಣ್ಣೆ ಸವರಿದಂಥ ಕಡುಹಸಿರು ಗೆರೆ, ಕಾಯಿ ಮೇಲೆ ಉಂಗುರ ಉಂಗುರ ಗುರುತು.

"ಅಣ್ಣಾ, ಹದಿನೈದು ದಿನದಾಗ ಮೂರು ಸಲ ಔಷಧ ಹೊಡದೀನ್ರಿ. ಎಲಿ ತಿರುವಿ ತಿರುವಿ ನೋಡೀನಿ, ಒಂದ ಹೇನೂ ಇಲ್ಲ. ಮತ್ತ ರೋಗ ಯಾಕ ಹಬ್ಬಾಕತ್ತೈತಿ?"

ಇದು ಪಪ್ಪಾಯಿ ಉಂಗುರ ಚುಕ್ಕೆ ನಂಜುರೋಗ. ವೈರಸ್ ರೋಗ, ಹರಡೋದು ಸಸ್ಯಹೇನು. ಆದರೆ ಆ ಹುಡುಗ ನೋಡಿದ್ದೂ ಸುಳ್ಳಲ್ಲ. ಹೇನು ಪಪ್ಪಾಯಿ ಮೇಲೆ ಮನೆ ಮಾಡೋದೇ ಇಲ್ಲ. ಹತ್ತಿ, ಅಲಸಂದಿ, ಗೋವಿನಜೋಳದ ಮೇಲೆ ಬೆಳೆಯುವ ಹೇನುಗಳಿಗೆ ಅಲ್ಲಿ ಸಂಖ್ಯೆ ಹೆಚ್ಚಾದಾಗ ರೆಕ್ಕೆ ಬರುತ್ತೆ, ಗಾಳಿಗೆ ಹಾರುತ್ತವೆ. ದಾರಿಯಲ್ಲಿ ಹಸಿರು ಕಂಡಲ್ಲಿ ಇಳಿದು, ಸೂಜಿಯಂಥ ಬಾಯಿ ಚುಚ್ಚಿ ರುಚಿ ನೋಡುತ್ತವೆ. ಪಪ್ಪಾಯಿ ರುಚಿಸಲಿಲ್ಲ ಅಂದರೆ ಎದ್ದು ಪಕ್ಕದ ಗಿಡಕ್ಕೆ. ರೋಗದ ಗಿಡದಿಂದ ವೈರಸ್ ಹತ್ತಿಸಿಕೊಳ್ಳೋಕೆ ಕೆಲವು ಸೆಕೆಂಡು ಸಾಕು, ಇನ್ನೊಂದು ಗಿಡಕ್ಕೆ ದಾಟಿಸೋಕೂ ಅಷ್ಟೇ. ನಾವು ಹೊಡೆದ ಔಷಧ ಹೇನನ್ನು ಕೊಲ್ಲುತ್ತೆ, ಖರೆ. ಆದರೆ ಅದು ಸಾಯುವುದರೊಳಗೆ ಚುಚ್ಚುವ ಕೆಲಸ ಮುಗಿದಿರುತ್ತೆ.

ನಾನೂ ಈ ಪಾಠ ದುಡ್ಡು ಕೊಟ್ಟೇ ಕಲಿತವನು. ತೋಟಗಾರಿಕೆ ಓದಿಯೂ ನನ್ನ ಮೊದಲ ಪಪ್ಪಾಯಿ ಪ್ಲಾಟಿಗೆ ವಾರಕ್ಕೊಮ್ಮೆ ಬೇವಿನೆಣ್ಣೆ ಹೊಡೆಯುತ್ತ ಕೂತಿದ್ದೆ. ಬದುವಿನಾಚೆ ಯಾರೋ ಬಿಟ್ಟಿದ್ದ ನಾಲ್ಕು ಹಳೇ ಪಪ್ಪಾಯಿ ಗಿಡ ಪೂರಾ ರೋಗ ಹಿಡಿದು ನಿಂತಿದ್ದವು. ಅವುಗಳ ಕಡೆ ನನ್ನ ಕಣ್ಣೇ ಹೋಗಲಿಲ್ಲ. ವೈರಸ್ ಬಂದದ್ದು ಆ ಬದುವಿನ ಸಾಲಿನಿಂದಲೇ.

ಹುಡುಗನ ಎರಡನೇ ಪ್ರಶ್ನೆ ಇನ್ನೂ ತೂಕದ್ದು. "ವೈರಸ್ ಬರದ ತಳಿ ಐತಿ ಅಂತ ನರ್ಸರಿಯವರು ಹೇಳ್ಯಾರ್ರಿ, ಸಸಿಗೆ ರೊಕ್ಕ ಜಾಸ್ತಿ. ತರಲೇನ್ರಿ?"

ಇಲ್ಲಿ ಎರಡು ಮಾತು ಬೇರೆ ಬೇರೆ ಮಾಡಿಕೊಳ್ಳಬೇಕು. ನಿರೋಧಕ ತಳಿ ಅಂದರೆ ವೈರಸ್ ಒಳಗೆ ಬಂದರೂ ಬೆಳೆಯಲು ಬಿಡದ ಗಿಡ. ಸಹಿಷ್ಣು ತಳಿ ಅಂದರೆ ರೋಗ ಬಂದರೂ ತಡೆದುಕೊಂಡು ಒಂದಿಷ್ಟು ಕಾಯಿ ಕೊಡುವ ಗಿಡ. ನಮ್ಮಲ್ಲಿ ಹೆಚ್ಚು ಬೆಳೆಯುವ ತೈವಾನ್ ಮೂಲದ ರೆಡ್ ಲೇಡಿಗೆ ಹೆಸರು ಬಂದದ್ದು ಈ ಸಹಿಷ್ಣುತೆಯಿಂದ. ಅದಕ್ಕೂ ರೋಗ ಬರುತ್ತೆ, ಸಣ್ಣ ವಯಸ್ಸಿನಲ್ಲಿ ಬಂದರೆ ಅದೂ ಮಲಗುತ್ತೆ. ಮೇಲಾಗಿ ಸಹಿಷ್ಣು ಗಿಡ ಚೆನ್ನಾಗಿ ಕಂಡರೂ ಒಳಗೆ ವೈರಸ್ ಇಟ್ಟುಕೊಂಡು ಪಕ್ಕದವರಿಗೆ ಹಂಚುತ್ತಿರುತ್ತೆ.

ನಿಜವಾದ ನಿರೋಧಕ ಪಪ್ಪಾಯಿ ಬಂದದ್ದು ಹವಾಯಿಯಲ್ಲಿ. ಅಲ್ಲಿನ ಪುನಾ ಪ್ರದೇಶಕ್ಕೆ 1992ರಲ್ಲಿ ಈ ವೈರಸ್ ನುಗ್ಗಿ ತೋಟಗಳು ಹಾಳಾದವು. ಡೆನ್ನಿಸ್ ಗೊನ್ಸಾಲ್ವಿಸ್ ಅವರ ತಂಡ ವೈರಸ್‌ನ ಹೊರಕವಚದ ಜೀನನ್ನೇ ಗಿಡಕ್ಕೆ ಸೇರಿಸಿ ಮಾಡಿದ ರೈನ್‌ಬೋ ತಳಿಯ ಬೀಜ 1998ರಲ್ಲಿ ರೈತರ ಕೈ ಸೇರಿತು. ಅದು ಹವಾಯಿಯ ವೈರಸ್‌ಗೆ ಸರಿಹೊಂದಿದ ತಳಿ, ಬೇರೆ ದೇಶದ ವೈರಸ್ ಪ್ರಭೇದಗಳ ಮುಂದೆ ಎಷ್ಟೋ ಸಲ ಸೋಲುತ್ತೆ. ಭಾರತದಲ್ಲಿ ಜಿಎಂ ಪಪ್ಪಾಯಿ ಬೆಳೆಯಲು ಅನುಮತಿ ಇಲ್ಲ, ಸಾವಯವ ಪ್ರಮಾಣಪತ್ರದವರಿಗಂತೂ ಜಿಎಂ ಯಾವುದೂ ನಡೆಯೋದಿಲ್ಲ.

ಇನ್ನೊಂದು ದಾರಿ ಪಪ್ಪಾಯಿಯ ಕಾಡು ಸಂಬಂಧಿಗಳು, ವಾಸ್ಕಾನ್ಸೆಲಿಯಾ ಜಾತಿಯವು. ಅವುಗಳಲ್ಲಿ ಕೆಲವಕ್ಕೆ ಈ ನಿರೋಧ ಹುಟ್ಟಿನಿಂದಲೇ ಇದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅವುಗಳ ಜೊತೆ ನಮ್ಮ ಪಪ್ಪಾಯಿಯನ್ನು ಕೂಡಿಸುವ ಕೆಲಸ ಮಾಡಿದೆ. ಪರಾಗ ಮೊಳೆಯಲಿ ಅಂತ ಹೂವಿನ ಶಲಾಕೆಗೆ ಸಕ್ಕರೆ ದ್ರಾವಣ ಹಚ್ಚುವ ಉಪಾಯವನ್ನೂ ಮಾಡಿದ್ದಾರೆ. ಆದರೆ ಜಾತಿ ದೂರದ್ದು. ಭ್ರೂಣ ಅರ್ಧಕ್ಕೇ ಸಾಯುತ್ತೆ, ಬದುಕಿದರೆ ಗಿಡ ಬಂಜೆಯಾಗುತ್ತೆ. ಹಾಗಾಗಿ "ವೈರಸ್ ಬರೋದೇ ಇಲ್ಲ" ಅಂತ ಯಾರಾದರೂ ಸಸಿ ಮಾರಿದರೆ, ಬಿಲ್ಲಿನ ಮೇಲೆ ಹಾಗಂತ ಬರೆದು ಕೊಡ್ರಿ ಅಂತ ಕೇಳಿ ನೋಡಿ.

ಕೊನೆಗೆ ಅವನು ಇನ್ನೊಂದು ಫೋಟೋ ತೋರಿಸಿದ. ಇಡೀ ಪ್ಲಾಟ್ ಹಳದಿ, ನಡುವೆ ಎರಡು ಗಿಡ ಮಾತ್ರ ಕಡು ಹಸಿರು. "ಇವುಗಳ ಬೀಜ ಹಾಕಲೇನ್ರಿ?"

ಇದು ದಡ್ಡ ಪ್ರಶ್ನೆ ಅಲ್ಲ. ನಮ್ಮ ಮಲೆನಾಡು, ಕೊಡಗಿನ ಏಲಕ್ಕಿಗೆ ಕಟ್ಟೆ ರೋಗ ಅಂತ ಬರುತ್ತೆ. ಅದೂ ಹೇನು ಹರಡುವ ವೈರಸ್ಸೇ. ಮಡಿಕೇರಿ ಹತ್ತಿರದ ಅಪ್ಪಂಗಳ ಸಂಶೋಧನಾ ಕೇಂದ್ರದವರು ರೋಗ ಹೊಡೆದ ತೋಟಗಳಲ್ಲಿ ಹಸಿರಾಗಿ ಉಳಿದಿದ್ದ ಬುಡಗಳನ್ನೇ ಹುಡುಕಿ ತಂದರು. ಆದರೆ ತಂದ ಕೂಡಲೇ ಹಂಚಲಿಲ್ಲ. ವೈರಸ್ ಹೊತ್ತ ಹೇನುಗಳನ್ನು ಅವುಗಳ ಮೇಲೆ ಬಿಟ್ಟು ಪರೀಕ್ಷೆ ಮಾಡಿದರು. ಕೆಲವು ಬುಡ ನಿರೋಧಕವಲ್ಲ, ಹೇನಿನ ಕಣ್ಣಿಗೆ ಬೀಳದೆ ತಪ್ಪಿಸಿಕೊಂಡಿದ್ದವು, ಅಷ್ಟೇ. ಪರೀಕ್ಷೆಯಲ್ಲಿ ಗೆದ್ದ ಒಂದು ಬುಡವೇ ಮುಂದೆ ಐಐಎಸ್‌ಆರ್ ವಿಜೇತ ತಳಿಯಾಯಿತು.

ಏಲಕ್ಕಿ ಬುಡ ಒಡೆದು ನೆಟ್ಟರೆ ತಾಯಿಯ ಗುಣವೇ ಬರುತ್ತೆ. ಪಪ್ಪಾಯಿ ಬೀಜದ ಬೆಳೆ, ಅದರಲ್ಲೂ ಹೈಬ್ರಿಡ್ ಆದರೆ ಒಂದೊಂದು ಸಸಿ ಒಂದೊಂದು ಥರ. ಅದಕ್ಕೆ ಹುಡುಗನಿಗೆ ಹೇಳಿದೆ: ಆ ಎರಡು ಗಿಡಕ್ಕೆ ಕೆಂಪು ರಿಬ್ಬನ್ ಕಟ್ಟು, ಮೂರು ತಿಂಗಳು ತಿಂಗಳಿಗೊಂದು ಫೋಟೋ ತೆಗೆದಿಡು. ಆಮೇಲೂ ಹಸಿರಿದ್ದರೆ, ಗಂಡು-ಹೆಣ್ಣು ಎರಡೂ ಇರುವ ಹೂವಿನ ಮೊಗ್ಗಿಗೆ ಅರಳುವ ಮೊದಲೇ ಕಾಗದದ ಚೀಲ ಕಟ್ಟಿ ಬೀಜ ಮಾಡು. ಇಪ್ಪತ್ತು ಸಸಿ ಹಾಕಿ ನೋಡು, ಎಕರೆಗಟ್ಟಲೆ ಬ್ಯಾಡ. ಫೋಟೋಗಳನ್ನು ತಿಡಗುಂದಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರಿಗೂ ತೋರಿಸು.

ಈಗಿನ ಬೆಳೆಗೆ ಏನು? ಇನ್ನೂ ಕಾಯಿ ಹಿಡಿಯದ ರೋಗದ ಗಿಡ ಕೀಳಲೇಬೇಕು, ಅದು ದುಡ್ಡು ಕೊಡೋದಿಲ್ಲ. ಕಾಯಿ ತುಂಬಿದ ಗಿಡಕ್ಕೆ ಗೊಬ್ಬರ-ನೀರು ಕೊಟ್ಟು ಇದ್ದಷ್ಟು ಕೊಯ್ಯಬಹುದು, ಉಂಗುರ ಬಿದ್ದ ಹಣ್ಣು ತಿಂದರೆ ಏನೂ ಆಗೋದಿಲ್ಲ. ಕೊಯ್ಲು ಮುಗಿದ ಮೇಲೆ ಒಂದು ಗಿಡವನ್ನೂ ಬಿಡಬಾರದು. ಹೊಸ ಪ್ಲಾಟ್ ಅದರ ಪಕ್ಕ ಬೇಡವೇ ಬೇಡ. ನಡುವೆ ಕಲ್ಲಂಗಡಿ, ಸೌತೆ, ಹೀರೆ ಹಾಕಬೇಡಿ, ಇದೇ ವೈರಸ್ ಅವುಗಳಲ್ಲೂ ಕೂರುತ್ತೆ. ಈ ರೋಗ ಬೀಜದಿಂದ ಬರೋದಿಲ್ಲ, ಹಾಗಾಗಿ ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ ಬೆಳೆದ ಸಸಿ ಶುದ್ಧ ಇರುತ್ತೆ. ನೆಡುವ ಒಂದು ತಿಂಗಳು ಮೊದಲೇ ಸುತ್ತ ಎರಡು-ಮೂರು ಸಾಲು ಗೋವಿನಜೋಳ ಒತ್ತಾಗಿ ಬಿತ್ತಿ. ಹಾರಿ ಬಂದ ಹೇನು ಮೊದಲು ಅಲ್ಲೇ ಚುಚ್ಚಿದರೆ ಬಾಯಿಗೆ ಅಂಟಿದ ವೈರಸ್ ಅಲ್ಲೇ ಕಳೆಯುತ್ತೆ. ಬೆಳ್ಳಿ ಬಣ್ಣದ ಮಲ್ಚಿಂಗ್ ಹಾಳೆ ಗಿಡ ಸಣ್ಣದಿದ್ದಾಗ ಹೇನು ಇಳಿಯೋದನ್ನು ಕಡಿಮೆ ಮಾಡುತ್ತೆ. ನಮ್ಮ ಕಡೆ ಡಿಸೆಂಬರ್-ಜನವರಿಯಲ್ಲಿ ಜೋಳ, ಕುಸುಬಿ ಮೇಲೆ ಹೇನು ಏರೋದು ಎಲ್ಲರಿಗೂ ಗೊತ್ತು. ಅಷ್ಟೊತ್ತಿಗೆ ನಿಮ್ಮ ಗಿಡ ಹೂ-ಕಾಯಿ ಹಂತಕ್ಕೆ ಬಂದಿರುವಂತೆ ನೆಡುವ ದಿನ ಲೆಕ್ಕ ಹಾಕಿ.

ಮೊನ್ನೆ ಹುಡುಗ ವಾಟ್ಸಾಪ್ ಮಾಡಿದ್ದ. ಬದುವಿನ ಮೇಲೆ ಅವನ ಅಜ್ಜಿ ಹಬ್ಬಿಸಿದ್ದ ಹೀರೆ ಬಳ್ಳಿಯ ಎಲೆಯಲ್ಲೂ ಅದೇ ಹಳದಿ ಮಚ್ಚೆ. ಬಳ್ಳಿ ಕಿತ್ತಿದ್ದಾನೆ, ಅಜ್ಜಿ ಎರಡು ದಿನದಿಂದ ಮಾತಾಡಿಲ್ಲವಂತೆ.