ಹಳೆಯ ಜೀಪಿನ ಲಾಕಿಂಗ್ ಹಬ್ ಬಿಚ್ಚುವ ಕ್ರಮ

ತುಂಗಭದ್ರಾ ಕಾಲುವೆಗೆ ನೀರು ಬಂದು ನಾಟಿ ಆರಂಭವಾಯಿತೆಂದರೆ ಕಂಪ್ಲಿ ಸುತ್ತಲಿನ ಕಪ್ಪು ಮಣ್ಣಿನ ದಾರಿಗಳಲ್ಲಿ ಸಾಮಾನ್ಯ ವಾಹನ ಓಡಿಸುವುದು ಕಷ್ಟ. ಸಸಿಯ ಕಟ್ಟು, ಗೊಬ್ಬರದ ಚೀಲ, ಬಾಳೆಗೊನೆ ಸಾಗಿಸಲು ನಾಲ್ಕೂ ಚಕ್ರಗಳಿಗೆ ಚಾಲನೆ ಇರುವ ಹಳೆಯ ಜೀಪು ಅಥವಾ ಪಿಕಪ್ ಇಟ್ಟುಕೊಂಡಿರುವ ರೈತರಿಗೆ ಅದು ಅನುಕೂಲದ ಕಾಲ. ಆದರೆ ಕೆಸರಿನಲ್ಲಿ ಸಿಕ್ಕಿಕೊಂಡಾಗ ಸನ್ನೆ ಹಾಕಿದರೂ ಮುಂದಿನ ಚಕ್ರ ಎಳೆಯದೆ ಹೋಗುವುದುಂಟು. ಆಗ ಗೇರು ಪೆಟ್ಟಿಗೆ ಬಿಚ್ಚುವ ಮುಂಚೆ ಮುಂದಿನ ಚಕ್ರಗಳ ನಡುವೆ ಇರುವ ಲಾಕಿಂಗ್ ಹಬ್‌ಗಳನ್ನು ನೋಡತಕ್ಕದ್ದು.

ಮುಂಬಯಿಯಲ್ಲಿ 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಆರಂಭಿಸಿದರು. ಆ ಕಾಲದ ಜೀಪುಗಳಲ್ಲಿ ಮುಂದಿನ ಚಕ್ರಕ್ಕೂ ಆಕ್ಸಲ್ ಶಾಫ್ಟಿಗೂ ನಡುವೆ ಡ್ರೈವ್ ಫ್ಲ್ಯಾಂಜ್ ಎಂಬ ತಟ್ಟೆ ಇದ್ದು, ಅವೆರಡೂ ಸದಾ ಕೂಡಿಯೇ ಇರುತ್ತಿದ್ದವು. ಡಾಂಬರು ರಸ್ತೆಯಲ್ಲಿ ಎರಡೇ ಚಕ್ರದ ಚಾಲನೆಯಲ್ಲಿ ಹೋಗುವಾಗಲೂ ಮುಂದಿನ ಶಾಫ್ಟುಗಳು ವೃಥಾ ತಿರುಗುತ್ತಿದ್ದವು. ಇದನ್ನು ತಪ್ಪಿಸಲು ಅಮೆರಿಕದಲ್ಲಿ 1948ರಲ್ಲಿ ಆರಂಭವಾದ ವಾರ್ನ್ ಕಂಪನಿ, ಕೈಯಿಂದ ತಿರುಗಿಸಿ ಕೂಡಿಸುವ ಮತ್ತು ಬಿಡಿಸುವ ಹಬ್‌ಗಳನ್ನು ಯುದ್ಧಕಾಲದ ಜೀಪುಗಳಿಗೆ ತಯಾರಿಸಿತು. ನಮ್ಮಲ್ಲಿ ಫ್ರೀ ವೀಲಿಂಗ್ ಹಬ್ ಎಂದೂ ಕರೆಯುವುದು ಇದನ್ನೇ.

ಇಲ್ಲಿ ಒಂದು ವಿಷಯ ಮುಖ್ಯ. ಎರಡು ಹಬ್‌ಗಳಲ್ಲಿ ಒಂದು ಲಾಕ್ ಆಗಿ ಇನ್ನೊಂದು ಬಿಡುವಾಗಿಯೇ ಉಳಿದರೆ, ಮುಂದಿನ ಡಿಫರೆನ್ಷಿಯಲ್ ತನ್ನ ತಿರುಗುವಿಕೆಯನ್ನೆಲ್ಲ ಬಿಡುವಿರುವ ಕಡೆಗೆ ಕೊಡುತ್ತದೆ. ಶಾಫ್ಟು ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಅಂದರೆ ಒಂದು ಹಬ್ ಕೆಟ್ಟರೆ ಮುಂದಿನ ಎರಡೂ ಚಕ್ರಗಳ ಎಳೆತ ಹೋದಂತೆಯೇ.

ಏಕೆ ಕಚ್ಚಿಕೊಳ್ಳುತ್ತದೆ?

ಹಬ್ ಒಳಗೆ ಹಲ್ಲುಳ್ಳ ಒಂದು ಉಂಗುರ ಸ್ಪ್ರಿಂಗಿನ ಒತ್ತಡದಿಂದ ಜಾರಿ ಶಾಫ್ಟನ್ನೂ ಚಕ್ರವನ್ನೂ ಕೂಡಿಸುತ್ತದೆ. ಕಂಪ್ಲಿಯ ಗದ್ದೆ ನೀರು ಒಳಹೊಕ್ಕರೆ ಈ ಉಂಗುರ ತುಕ್ಕು ಹಿಡಿಯುತ್ತದೆ. ಸಂಡೂರಿನ ಅದಿರು ದಾರಿಗಳ ಕೆಂಪು ಧೂಳಿನ ಸ್ವಭಾವ ಬೇರೆ. ಅದು ಗ್ರೀಸಿನೊಡನೆ ಬೆರೆತು ಸಾಣೆ ಹಿಡಿಯುವ ಅಂಟಿನಂತಾಗಿ ಹಲ್ಲುಗಳನ್ನು ಸವೆಸುತ್ತದೆ. ಆದ್ದರಿಂದ ಕಾಲುವೆಗೆ ನೀರು ಬಿಡುವ ಮುಂಚೆ, ಬೇಸಿಗೆಯಲ್ಲೇ, ವರ್ಷಕ್ಕೊಮ್ಮೆ ಎರಡೂ ಹಬ್‌ಗಳನ್ನು ಬಿಚ್ಚಿ ನೋಡುವುದು ಒಳ್ಳೆಯದು.

ಬಿಚ್ಚುವ ರೀತಿ

ವಾಹನವನ್ನು ಗಟ್ಟಿಯಾದ ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಎರಡು ಚಕ್ರದ ಚಾಲನೆಗೆ ಸನ್ನೆ ಹಾಕಿ, ಹಬ್‌ನ ಬಿರಡೆಯನ್ನು ಬಿಡುವು ಅಂದರೆ ‘ಫ್ರೀ’ ಸ್ಥಾನಕ್ಕೆ ತಿರುಗಿಸಬೇಕು. ತಿರುಗದಿದ್ದರೆ ಇಕ್ಕಳ ಹಾಕಬಾರದು. ಬಿರಡೆಯ ಕಿವಿ ಮುರಿಯುತ್ತದೆ. ಗಾಡಿಯನ್ನು ನೇರವಾಗಿ ನಾಲ್ಕಾರು ಅಡಿ ಹಿಂದಕ್ಕೆ ನಡೆಸಿದರೆ ಶಾಫ್ಟಿನ ಬಿಗಿ ಸಡಿಲಿ ಅದು ತಾನಾಗಿ ಬಿಡುವುದುಂಟು.

ಹಿಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಡುವುದನ್ನು ಮರೆಯಬಾರದು. ಹಳೆಯ ಜೀಪುಗಳಲ್ಲಿ ಕೈಬ್ರೇಕು ಚಕ್ರಗಳಲ್ಲಿರದೆ ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಮೇಲಿರುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಮುಂದಿನ ಆಕ್ಸಲ್ ಕೆಳಗೆ ಜಾಕು ಕೊಟ್ಟು ಒಂದು ಚಕ್ರವನ್ನು ಎತ್ತಿದ ಮೇಲೆ ಗಟ್ಟಿ ಸ್ಟ್ಯಾಂಡ್ ಇಡಬೇಕು. ಹಂಪಿ ಕಡೆ ಕಲ್ಲಿಗೆ ಬರವಿಲ್ಲ, ಆದರೂ ಉರುಟು ಗುಂಡನ್ನು ಸ್ಟ್ಯಾಂಡಿನ ಬದಲಿಗೆ ಇಡುವುದು ಅಪಾಯ.

ಮೊದಲು ಹಬ್ ಸುತ್ತಲಿನ ಮಣ್ಣನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಮುಚ್ಚಳದ ಬೋಲ್ಟುಗಳು ಸಾಮಾನ್ಯವಾಗಿ 6 ಇರುತ್ತವೆ. ಕೆಲವಕ್ಕೆ ಪಾನಾ, ಕೆಲವಕ್ಕೆ ಅಲೆನ್ ಕೀಲಿ ಬೇಕು. ಅಲೆನ್ ತಲೆಯ ಗುಳಿಯಲ್ಲಿ ಮಣ್ಣು ಉಳಿದರೆ ಕೀಲಿ ಜಾರಿ ಮೂಲೆ ಸವೆಯುತ್ತದೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಡೀಸೆಲ್ ಹಚ್ಚಿಡುವುದು ಲೇಸು.

ಮುಚ್ಚಳ ಬಂದೊಡನೆ ಆಕ್ಸಲ್ ಶಾಫ್ಟಿನ ತುದಿ ಕಾಣುತ್ತದೆ. ಅದರ ಗಾಡಿಯಲ್ಲಿ ಒಂದು ಸರ್ಕ್ಲಿಪ್ ಕೂತಿರುತ್ತದೆ. ಕೆಲವು ಮಾದರಿಗಳಲ್ಲಿ ಇದಕ್ಕೆ ಬದಲಾಗಿ ನಟ್ಟು ಮತ್ತು ಕಾಟರ್ ಪಿನ್ನು ಇರುತ್ತವೆ. ಇನ್ನು ಕೆಲವದರಲ್ಲಿ ಹಬ್‌ನ ಒಳಗೋಡೆಯಲ್ಲಿ ತಂತಿಯಂತಹ ಎರಡನೆಯ ಉಂಗುರ ಅಡಗಿರುತ್ತದೆ. ಗ್ರೀಸು ತುಂಬಿದ್ದರೆ ಇದು ಕಾಣುವುದೇ ಇಲ್ಲ. ಬಟ್ಟೆಯಿಂದ ಒರೆಸಿ, ಬೆಳಕು ಬಿಟ್ಟು ನೋಡಬೇಕು. ಹಬ್ ಒಡೆಯುವುದು ಈ ಹಂತದಲ್ಲಿಯೇ: ಉಂಗುರ ಒಳಗಿರುವಾಗಲೇ ಸುತ್ತಿಗೆ ಎತ್ತುತ್ತಾರೆ. ಉಂಗುರಗಳೆಲ್ಲ ಹೊರಬಂದ ಬಳಿಕ ಸಾಮಾನ್ಯವಾಗಿ ಕೈಯಿಂದಲೇ ಹಬ್ ಸರಿದು ಬರುತ್ತದೆ. ಹಳೆಯ ಪ್ಯಾಕಿಂಗ್ ಅಂಟಿ ಬಿಗಿಯಾಗಿದ್ದರೆ ಅಂಚಿಗೆ ಮರದ ತುಂಡು ಹಿಡಿದು ಸುತ್ತಲೂ ಮೆಲ್ಲಗೆ ತಟ್ಟಿದರೆ ಸಾಕು. ಸರ್ಕ್ಲಿಪ್ ತೆಗೆಯಲು ಅದಕ್ಕೆಂದೇ ಇರುವ ಇಕ್ಕಳ ಬೇಕು. ಉಳಿ ಹಾಕಿ ಎಬ್ಬಿದರೆ ಅದು ಚಿಮ್ಮಿ ಕಣ್ಣಿಗೆ ಬಡಿಯಬಹುದು.

ಬಿಚ್ಚಿದ ಭಾಗಗಳನ್ನು ಬಂದ ಅನುಕ್ರಮದಲ್ಲೇ ಗೋಣಿಯ ಮೇಲೆ ಸಾಲಾಗಿ ಇಡಿ.

ಗ್ರೀಸು ಏನು ಹೇಳುತ್ತದೆ?

ತೊಳೆಯುವ ಮುಂಚೆ ಗ್ರೀಸನ್ನು ಬೆರಳಿನಿಂದ ಮುಟ್ಟಿ ನೋಡಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ. ಪ್ಯಾಕಿಂಗ್ ಅಥವಾ ಬಿರಡೆಯ ರಬ್ಬರ್ ಉಂಗುರ ಹೋಗಿದೆ. ಕೆಂಪಗೆ ಗರಗರ ಎಂದರೆ ಧೂಳು. ತೆಳ್ಳಗೆ ಎಣ್ಣೆಯಂತೆ ಹರಿದು ಗಂಧಕದ ವಾಸನೆ ಬಂದರೆ ಅದು ಡಿಫರೆನ್ಷಿಯಲ್‌ನ ಗೇರ್ ಎಣ್ಣೆ. ಆಕ್ಸಲ್‌ನ ಒಳಗಿನ ಎಣ್ಣೆ ಸೀಲು ಹರಿದಿರುತ್ತದೆ. ಹಬ್ ಎಷ್ಟು ಸಲ ತೊಳೆದರೂ ಪ್ರಯೋಜನವಿಲ್ಲ, ಸೀಲನ್ನೇ ಬದಲಾಯಿಸಬೇಕು.

ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ, ಹಲ್ಲುಗಳ ಮೂಲೆ ದುಂಡಾಗಿದೆಯೇ, ಸ್ಪ್ರಿಂಗ್ ಮುರಿದಿದೆಯೇ ಪರೀಕ್ಷಿಸಿ. ಜಾರುವ ಉಂಗುರಕ್ಕೆ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು. ಬೇರಿಂಗಿಗೆ ತುಂಬಿದಂತೆ ಇಲ್ಲಿಯೂ ತುಂಬಿದರೆ ಅದು ಗಟ್ಟಿಯಾಗಿ ಉಂಗುರ ಜಾರದಂತೆ ತಡೆಯುತ್ತದೆ.

ಹಬ್ ಹಿಂದೆ ಚಕ್ರದ ಬೇರಿಂಗನ್ನು ಹಿಡಿದಿರುವ ಎರಡು ದೊಡ್ಡ ನಟ್ಟುಗಳೂ ಅವುಗಳ ನಡುವೆ ಮಡಿಸಿದ ವಾಷರೂ ಇರುತ್ತವೆ. ಚಕ್ರ ಅಲುಗಾಡದಿದ್ದರೆ, ಬೇರಿಂಗ್ ಗ್ರೀಸು ಶುಚಿಯಾಗಿದ್ದರೆ ಅವನ್ನು ಮುಟ್ಟುವುದು ಬೇಡ. ಬಿಚ್ಚಲೇಬೇಕಾದರೆ ಅದಕ್ಕೆ ಸರಿಯಾದ ಬಾಕ್ಸ್ ಪಾನಾ ಉಪಯೋಗಿಸಿ. ಮತ್ತೆ ಕೂಡಿಸುವಾಗ ಹಳೆಯ ಜೀಪಿನ ಕ್ರಮ ಹೀಗಿದೆ: ಚಕ್ರವನ್ನು ತಿರುಗಿಸುತ್ತ, ತುಸು ಬಿಗಿ ಹಿಡಿಯುವವರೆಗೆ ಒಳನಟ್ಟನ್ನು ಬಿಗಿದು, ಸುಮಾರು 1/6 ಸುತ್ತು ಸಡಿಲಿಸಿ, ವಾಷರ್ ಮತ್ತು ಹೊರನಟ್ಟು ಕೂಡಿಸಿ ವಾಷರಿನ ಅಂಚು ಮಡಿಸುವುದು. ಬೇರೆ ಮಾದರಿಗೆ ಅದರದೇ ಕೈಪಿಡಿ ನೋಡತಕ್ಕದ್ದು.

ಜೋಡಣೆ ಮತ್ತು ಪರೀಕ್ಷೆ

ಹೊಸ ಪ್ಯಾಕಿಂಗ್ ಇಟ್ಟು, ಬಿರಡೆ ‘ಫ್ರೀ’ ಸ್ಥಾನದಲ್ಲಿರುವಾಗಲೇ ಮುಚ್ಚಳ ಕೂಡಿಸಿ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಈಗ ನೆಲದ ಮೇಲಿರುವ ಬದಿಯ ಹಬ್ ಅನ್ನು ಲಾಕ್ ಮಾಡಿ, ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿ. ಈ ಬದಿಯ ಹಬ್ ‘ಫ್ರೀ’ ಇದ್ದಾಗ ಮುಂದಿನ ಪ್ರೊಪೆಲ್ಲರ್ ಶಾಫ್ಟು ಸುಮ್ಮನಿರಬೇಕು. ಲಾಕ್ ಮಾಡಿದಾಗ ಚಕ್ರದೊಡನೆ ತಿರುಗಬೇಕು. ಎರಡನೆಯ ಬದಿಗೂ ಇದೇ ಕ್ರಮ. ಒಂದು ಹಬ್ ರಿಪೇರಿಗೆ ಬಾರದಷ್ಟು ಕೆಟ್ಟಿದ್ದರೆ ಎರಡೂ ಬದಿಗೆ ಹಳೆಯ ಡ್ರೈವ್ ಫ್ಲ್ಯಾಂಜ್‌ಗಳನ್ನೇ ಹಾಕಿ ಹಂಗಾಮು ಮುಗಿಸಬಹುದು. ಆದಕಾರಣ ಅವನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಇಟ್ಟುಕೊಂಡಿರಬೇಕು. ಮೊದಲ ಸಲ ಗದ್ದೆಗೆ ಹೋಗಿ ಬಂದ ದಿನ ಎಲ್ಲ ಬೋಲ್ಟುಗಳಿಗೂ ಇನ್ನೊಮ್ಮೆ ಪಾನಾ ಹಾಕಿ ನೋಡಿ.