ಬೃಹತ್ ಕಂಪನಿಗಳ ಹರಾಜು ಮತ್ತು ಸಣ್ಣ ಊರುಗಳು: ಕಾರವಾರ–ಅಂಕೋಲೆಯ ಲೆಕ್ಕ

ಬೃಹತ್ ಉದ್ದಿಮೆಯೊಂದನ್ನು ತಮ್ಮಲ್ಲಿಗೆ ಸೆಳೆಯಲು ಊರುಗಳು ಪರಸ್ಪರ ಪೈಪೋಟಿ ನಡೆಸುವುದು ಕಂಪ್ಯೂಟರ್ ಯುಗದ ಹೊಸ ಸಂಗತಿಯೇನಲ್ಲ. ಕಾರವಾರವು ಇಂಥ ಪೈಪೋಟಿಯ ಸವಿಯನ್ನೂ ಕಹಿಯನ್ನೂ ಒಂದೂವರೆ ಶತಮಾನದ ಹಿಂದೆಯೇ ಉಂಡಿದೆ.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಕಾರವಾರವು ಜಿಲ್ಲಾ ಕೇಂದ್ರವಾಯಿತು. ಈ ಬದಲಾವಣೆಯ ಹಿಂದೆ ಇದ್ದದ್ದು ಹತ್ತಿಯ ವ್ಯಾಪಾರ. ಅಮೆರಿಕದ ಅಂತರ್ಯುದ್ಧದಿಂದಾಗಿ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿಯ ಅಭಾವ ಉಂಟಾಗಿತ್ತು. ಧಾರವಾಡ ಸೀಮೆಯ ಹತ್ತಿ ಅವುಗಳಿಗೆ ತುರ್ತಾಗಿ ಬೇಕಾಗಿತ್ತು. ಅಲ್ಲಿಯವರೆಗೆ ಆ ಹತ್ತಿ ಘಟ್ಟವಿಳಿದು ಕುಮಟೆಗೆ ಬರುತ್ತಿತ್ತು. ಬ್ರಿಟಿಷ್ ಮಾರುಕಟ್ಟೆಯಲ್ಲಿ ‘ಕುಮ್ಟಾ’ ಎಂಬುದು ಒಂದು ತಳಿಯ ಹೆಸರೇ ಆಗಿಹೋಗಿತ್ತು. ಆದರೆ ಕುಮಟೆಯಲ್ಲಿ ಹಡಗುಗಳಿಗೆ ಮರೆಯಿರಲಿಲ್ಲ. ಕಾರವಾರದ ಕೊಲ್ಲಿಗೆ ಆ ಮರೆ ನಿಸರ್ಗದತ್ತವಾಗಿತ್ತು. ಮ್ಯಾಂಚೆಸ್ಟರ್ ಕಾಟನ್ ಕಂಪನಿಯು ಸದಾಶಿವಗಡದ ತೀರಕ್ಕೆ ತನ್ನ ಯಂತ್ರಸಾಮಗ್ರಿಯನ್ನು ಕಳುಹಿಸಿತು. ಯಂತ್ರಗಳು ಬಂದವು, ಘಟ್ಟದ ರಸ್ತೆ ಸಿದ್ಧವಿರಲಿಲ್ಲ. ಆ ಕಂಪನಿಯ ಸಾಹಸ ಕೆಲವೇ ವರ್ಷಗಳಲ್ಲಿ ಮುಗಿಯಿತು.

ಕಾರವಾರದಿಂದ ಹುಬ್ಬಳ್ಳಿಗೆ ರೈಲು ಬರುತ್ತದೆಂಬ ಆಸೆ ಮುಂದೆಯೂ ಉಳಿದಿತ್ತು. 1878ರ ಆಂಗ್ಲ–ಪೋರ್ತುಗೀಜ ಒಪ್ಪಂದದೊಡನೆ ಆ ಆಸೆ ಮುರಿಯಿತು. ರೈಲು ಮರ್ಮಗೋವೆಯಿಂದ ಕ್ಯಾಸಲ್‌ರಾಕ್‌ಗೆ ಹತ್ತಿತು. 1880ರ ದಶಕದ ಅಂತ್ಯಕ್ಕೆ ಆ ಮಾರ್ಗ ಪೂರ್ಣಗೊಂಡಿತು. ಒಳನಾಡಿನ ಸರಕು ಹಳಿ ಇದ್ದ ಕಡೆಗೆ ಹರಿಯಿತು. ಕುಮಟೆಯನ್ನು ಗೆದ್ದ ಕಾರವಾರ ಮರ್ಮಗೋವೆಗೆ ಸೋತಿತು. ಸೋಲಿಗೆ ಕಾರಣ ಬಂದರಿನ ಗುಣವಲ್ಲ, ಬಂದರಿನ ಹಿಂದಿನ ಹಾದಿ.

ಇದೇ ಪಾಠದ ಆಧುನಿಕ ಆವೃತ್ತಿ ಅಮೆರಿಕದಲ್ಲಿ ನಡೆಯಿತು. 2017ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಎರಡನೆಯ ಕೇಂದ್ರ ಕಚೇರಿಗೆ ಸ್ಥಳ ಬೇಕೆಂದು ಬಹಿರಂಗ ಆಹ್ವಾನ ನೀಡಿತು. 50,000 ಉದ್ಯೋಗ, 500 ಕೋಟಿ ಡಾಲರ್ ಹೂಡಿಕೆ ಎಂಬ ಭರವಸೆಗೆ 238 ಪ್ರಸ್ತಾವಗಳು ಬಂದವು. ನ್ಯೂಜೆರ್ಸಿಯು ನ್ಯೂವರ್ಕ್ ನಗರಕ್ಕಾಗಿ 700 ಕೋಟಿ ಡಾಲರ್, ಮೇರಿಲ್ಯಾಂಡ್ ರಾಜ್ಯವು 850 ಕೋಟಿ ಡಾಲರ್‌ಗಳಷ್ಟು ರಿಯಾಯಿತಿಯ ಆಮಿಷ ಒಡ್ಡಿದವು. 2018ರ ನವೆಂಬರ್‌ನಲ್ಲಿ ಸಂಸ್ಥೆಯು ಆರಿಸಿಕೊಂಡದ್ದು ಈ ಎರಡನ್ನೂ ಅಲ್ಲ. ನ್ಯೂಯಾರ್ಕ್ ಮತ್ತು ವರ್ಜೀನಿಯದ ಆರ್ಲಿಂಗ್ಟನ್‌ಗಳ ನಡುವೆ ಕಚೇರಿಯನ್ನು ಹಂಚಿತು. ನ್ಯೂಯಾರ್ಕ್‌ನಲ್ಲಿ ರಿಯಾಯಿತಿಗೆ ತೀವ್ರ ವಿರೋಧ ವ್ಯಕ್ತವಾದಾಗ 2019ರ ಫೆಬ್ರುವರಿಯಲ್ಲಿ ಅಲ್ಲಿಂದ ಹಿಂದೆ ಸರಿಯಿತು. ಅತಿ ಹೆಚ್ಚು ಕೂಗಿದವನಿಗೆ ಮಾಲು ಸಿಗಲಿಲ್ಲ ಎಂಬುದು ವ್ಯಾಪಾರಿಗಳಿಗೆ ಆಶ್ಚರ್ಯದ ಸಂಗತಿ. ನುರಿತ ತಂತ್ರಜ್ಞರು ಎಲ್ಲಿ ದೊರೆಯುತ್ತಾರೆಂಬುದೇ ಆ ಸಂಸ್ಥೆಗೆ ಮುಖ್ಯವಾಗಿತ್ತು. ರಿಯಾಯಿತಿ ಮೇಲೊಂದು ಬೆಲ್ಲದ ತುಂಡು.

ಒಂದು ವೇಳೆ ಹೆಚ್ಚು ಕೂಗಿದವನೇ ಗೆದ್ದರೂ ಅದು ಲಾಭವೆನ್ನಲಾಗದು. ಬೈತಖೋಲ ಬಂದರಿನಲ್ಲಿ ಮೀನಿನ ಹರಾಜನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬುಟ್ಟಿಯ ಮೇಲ್ಪದರವಷ್ಟೇ ಕಣ್ಣಿಗೆ ಕಾಣುತ್ತದೆ. ಐವರು ಅದರೊಳಗಿನ ಮಾಲನ್ನು ಅಂದಾಜಿಸುತ್ತಾರೆ; ಒಬ್ಬನ ಅಂದಾಜು ಕಡಿಮೆ, ಒಬ್ಬನದು ಹೆಚ್ಚು, ಉಳಿದವರದು ಸರಾಸರಿಯ ಆಸುಪಾಸು. ಬುಟ್ಟಿ ಸಿಗುವುದು ಎಲ್ಲರಿಗಿಂತ ಹೆಚ್ಚು ಅಂದಾಜಿಸಿದವನಿಗೆ, ಅರ್ಥಾತ್ ಮೇಲ್ಮುಖವಾಗಿ ಅತಿ ಹೆಚ್ಚು ತಪ್ಪಿದವನಿಗೆ. ಅರ್ಥಶಾಸ್ತ್ರಜ್ಞರು ಇದನ್ನು ಗೆದ್ದವನ ಶಾಪವೆಂದು ಕರೆಯುತ್ತಾರೆ. ಮೀನಿನ ವ್ಯಾಪಾರಿ ಮರುದಿನ ಎಚ್ಚರಗೊಳ್ಳುತ್ತಾನೆ, ಏಕೆಂದರೆ ಹೋದದ್ದು ಅವನ ಹಣ. ಸರ್ಕಾರ ಹರಾಜು ಕೂಗುವಾಗ ಹೋಗುವುದು ಎಲ್ಲರ ಹಣ.

ಆದುದರಿಂದ ಯಾವ ರಿಯಾಯಿತಿಯನ್ನಾದರೂ ಅಳೆಯುವ ಮೊದಲ ಕೋಲು, ಒಂದು ಉದ್ಯೋಗಕ್ಕೆ ಬೀಳುವ ವೆಚ್ಚ. ವರ್ಜೀನಿಯವು 25,000 ಉದ್ಯೋಗಗಳಿಗೆ 55 ಕೋಟಿ ಡಾಲರ್ ಅನುದಾನ ಒಪ್ಪಿತು: ಉದ್ಯೋಗವೊಂದಕ್ಕೆ 22,000 ಡಾಲರ್. ನ್ಯೂಯಾರ್ಕ್ ಅಷ್ಟೇ ಉದ್ಯೋಗಗಳಿಗೆ ಒಟ್ಟು ಸುಮಾರು 300 ಕೋಟಿ ಡಾಲರ್ ಸೌಲಭ್ಯ ಒಪ್ಪಿತ್ತು: ಸುಮಾರು 1.2 ಲಕ್ಷ ಡಾಲರ್. ನಮ್ಮ ದೇಶದಲ್ಲಿ 2023ರ ಜೂನ್‌ನಲ್ಲಿ ಪ್ರಕಟವಾದ ಗುಜರಾತಿನ ಸಾಣಂದದ ಮೈಕ್ರಾನ್ ಚಿಪ್ ಘಟಕದ 275 ಕೋಟಿ ಡಾಲರ್ ವೆಚ್ಚದಲ್ಲಿ ಕೇಂದ್ರದ ಪಾಲು ಶೇ. 50, ರಾಜ್ಯದ ಪಾಲು ಶೇ. 20. ಘೋಷಿತ ನೇರ ಉದ್ಯೋಗ 5,000. ಭಾಗಿಸಿದರೆ ಒಂದು ನೇರ ಉದ್ಯೋಗಕ್ಕೆ 3.85 ಲಕ್ಷ ಡಾಲರ್. ಚಿಪ್ ತಯಾರಿಕೆಗೆ ದೇಶದ ಭದ್ರತೆಯ ಕಾರಣವೂ ಉಂಟೆಂಬುದು ನಿಜ. ಆದರೆ ಆಗ ಅದನ್ನು ಉದ್ಯೋಗ ಯೋಜನೆಯೆನ್ನದೆ ಭದ್ರತಾ ವೆಚ್ಚವೆಂದೇ ಬರೆದಿಡುವುದು ಪ್ರಾಮಾಣಿಕ ಲೆಕ್ಕ.

ಎರಡನೆಯ ಕೋಲು, ಹಣ ಯಾವಾಗ ಕೈಬಿಡುತ್ತದೆ ಎಂಬುದು. ವರ್ಜೀನಿಯದ ಅನುದಾನವು ಉದ್ಯೋಗಗಳು ವಾಸ್ತವವಾಗಿ ಸೃಷ್ಟಿಯಾದ ಮೇಲಷ್ಟೇ ಸಲ್ಲುವಂಥದು. 2023ರಲ್ಲಿ ಅಮೆಜಾನ್ ಅಲ್ಲಿನ ಎರಡನೆಯ ಹಂತದ ಕಟ್ಟಡವನ್ನು ಮುಂದೂಡಿದಾಗ ಈ ಷರತ್ತಿನ ಬೆಲೆ ತಿಳಿಯಿತು. ಅದಕ್ಕಿಂತ ಗಮನಾರ್ಹವಾದದ್ದು, ಆ ರಾಜ್ಯವು ಹೆಚ್ಚಿನ ಹಣವನ್ನು ಕಂಪನಿಗೆ ಕೊಡದೆ ಕಂಪ್ಯೂಟರ್ ಶಿಕ್ಷಣಕ್ಕೆ ತೊಡಗಿಸಿದ್ದು. ಕಂಪನಿ ಬಂದರೂ ಹೋದರೂ ಕಾಲೇಜು ಊರಲ್ಲೇ ಉಳಿಯುತ್ತದೆ.

ಕಾರವಾರ–ಅಂಕೋಲೆಗೆ ತಂತ್ರಜ್ಞಾನ ಕಂಪನಿಯ ಕೇಂದ್ರ ಕಚೇರಿ ಬರುವ ಸಂಭವ ಸದ್ಯಕ್ಕೆ ಕಾಣದು. ಇಲ್ಲಿಗೆ ಬಂದಿರುವ ದೊಡ್ಡವರು ಬೇರೆ ಬಗೆಯವರು. ಅಡ್ಮಿರಲ್ ಡಾಸನ್‌ರ ಕಲ್ಪನೆಯ ನೌಕಾನೆಲೆಗೆ 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ನೆರವೇರಿಸಿದರು. 2005ರ ಮೇ 31ರಂದು ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ತೆರಿಗೆ ವಿನಾಯಿತಿಗಾಗಿ ನೌಕಾಪಡೆ ಇಲ್ಲಿಗೆ ಬರಲಿಲ್ಲ. ಆಳವಾದ ನೀರು, ಗುಡ್ಡಗಳ ಮರೆ, ಮುಂಬಯಿ–ಕೊಚ್ಚಿಗಳ ನಡುವಿನ ಸ್ಥಾನ ಅದನ್ನು ತಂದವು. ಬೆಲೆ ತೆತ್ತವರು ಭೂಮಿ ಬಿಟ್ಟುಕೊಟ್ಟ ಎರಡೂ ತಾಲ್ಲೂಕುಗಳ ಕುಟುಂಬಗಳು. ಪರಿಹಾರದ ವ್ಯಾಜ್ಯಗಳು ನೆಲೆ ಉದ್ಘಾಟನೆಗೊಂಡ ಮೇಲೂ ನ್ಯಾಯಾಲಯಗಳಲ್ಲಿ ನಡೆದವು. ಇಂಥ ವೆಚ್ಚ ಯಾವ ರಿಯಾಯಿತಿಯ ಪಟ್ಟಿಯಲ್ಲೂ ಕಾಣಿಸಿಕೊಳ್ಳದು.

2023ರ ನವೆಂಬರ್‌ನಲ್ಲಿ ಅಂಕೋಲೆಯ ಕೇಣಿಯಲ್ಲಿ ವಾಣಿಜ್ಯ ಬಂದರು ನಿರ್ಮಿಸುವ ಗುತ್ತಿಗೆ ಜೆ.ಎಸ್.ಡಬ್ಲ್ಯು. ಇನ್‌ಫ್ರಾಸ್ಟ್ರಕ್ಚರ್ ಸಂಸ್ಥೆಗೆ ದೊರೆಯಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ, ಆರಂಭಿಕ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಮೀನುಗಾರರು ಇದನ್ನು ಬಲವಾಗಿ ವಿರೋಧಿಸುತ್ತಿದ್ದಾರೆ. ಅವರ ಲೆಕ್ಕವನ್ನು ಭಾವನೆಯೆಂದು ತಳ್ಳಿಹಾಕುವುದು ವ್ಯಾಪಾರಿಗೆ ತರವಲ್ಲ: ದಡದ ಮೀನುಗಾರಿಕೆ ಕುಂದಿದರೆ ಬಲೆ, ಮಂಜುಗಡ್ಡೆ, ಡೀಸೆಲ್, ಕಿರಾಣಿ ಎಲ್ಲದರ ವಹಿವಾಟೂ ಕುಂದುತ್ತದೆ. ಆ ನಷ್ಟವನ್ನು ಕಳೆದು ಉಳಿದದ್ದಷ್ಟೇ ಲಾಭ. ಇನ್ನೊಂದು ಪ್ರಶ್ನೆ ಮತ್ತೆ ಹಾದಿಯದು. 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಅರಣ್ಯದ ಪ್ರಶ್ನೆಯಲ್ಲಿ ಸಿಲುಕಿ ಇನ್ನೂ ಪೂರ್ಣಗೊಂಡಿಲ್ಲ. ಬೇಲೆಕೇರಿಯಿಂದ ಅದಿರು ಸಾಗಿದ ವರ್ಷಗಳಲ್ಲಿ ಲಾರಿಗಳ ಸಾಲು ಹೆದ್ದಾರಿಗೆ ಏನು ಮಾಡಿತೆಂಬುದನ್ನೂ, 2010ರಲ್ಲಿ ರಫ್ತು ನಿಂತಾಗ ಸಾಲ ಮಾಡಿ ಲಾರಿ ಕೊಂಡವರ ಗತಿ ಏನಾಯಿತೆಂಬುದನ್ನೂ ಅಂಕೋಲೆ ಮರೆತಿಲ್ಲ.

ದೊಡ್ಡವರು ಬಂದ ಮೇಲೆ ಸ್ಥಳೀಯರಿಂದ ಏನನ್ನು ಕೊಳ್ಳುತ್ತಾರೆ ಎಂಬುದೇ ಸಣ್ಣ ಉದ್ದಿಮೆದಾರನಿಗೆ ಮುಖ್ಯ. ಖಾಸಗಿ ಕಂಪನಿಯನ್ನು ಕಡ್ಡಾಯಪಡಿಸುವ ನಿಯಮ ದುರ್ಬಲ. ಷರತ್ತನ್ನು ಒಪ್ಪಂದದ ಹೊತ್ತಿಗೇ ಬರೆಸಬೇಕಾಗುತ್ತದೆ. ಆದರೆ ನೌಕಾನೆಲೆ ಮತ್ತು ಕೈಗಾ ಅಣುವಿದ್ಯುತ್ ಕೇಂದ್ರಗಳು ಕೇಂದ್ರ ಸರ್ಕಾರದವು. 2012ರ ಸಾರ್ವಜನಿಕ ಖರೀದಿ ನೀತಿಯಂತೆ ಕೇಂದ್ರದ ಇಲಾಖೆಗಳೂ ಉದ್ದಿಮೆಗಳೂ ವಾರ್ಷಿಕ ಖರೀದಿಯ ಒಂದು ಪಾಲನ್ನು ಅತಿಸಣ್ಣ ಹಾಗೂ ಸಣ್ಣ ಘಟಕಗಳಿಂದ ಪಡೆಯಬೇಕು. 2018ರಲ್ಲಿ ಈ ಪಾಲನ್ನು ಶೇ. 20ರಿಂದ ಶೇ. 25ಕ್ಕೆ ಏರಿಸಲಾಯಿತು. ಇದು ಇಲಾಖೆಯ ಒಟ್ಟು ಖರೀದಿಗೆ ಅನ್ವಯಿಸುವ ಗುರಿ, ಸ್ಥಳೀಯರಿಗೇ ಮೀಸಲಲ್ಲ; ಪುಣೆಯ ಘಟಕವೂ ಅಂಕೋಲೆಯ ಘಟಕವೂ ಅದಕ್ಕೆ ಸಮಾನರು. 2006ರ ಕಾಯ್ದೆಯ ಮೇರೆಗೆ ಇಂಥ ಘಟಕಗಳ ಬಿಲ್ಲನ್ನು ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿಸಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಇಲ್ಲೊಂದು ಸೂಕ್ಷ್ಮವಿದೆ. 2021ರ ಜುಲೈಯಿಂದ ಚಿಲ್ಲರೆ ಹಾಗೂ ಸಗಟು ವ್ಯಾಪಾರಿಗಳೂ ಉದ್ಯಮ್ ನೋಂದಣಿ ಪಡೆಯಬಹುದು, ಆದರೆ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ. ತನ್ನದೇ ಶೆಡ್ಡಿನಲ್ಲಿ ಕಬ್ಬಿಣದ ಚೌಕಟ್ಟು ತಯಾರಿಸಿ ಪೂರೈಸುವ ಘಟಕಕ್ಕೆ ಖರೀದಿ ನೀತಿಯ ಸೌಲಭ್ಯವಿದೆ. ಅದೇ ಚೌಕಟ್ಟನ್ನು ಹುಬ್ಬಳ್ಳಿಯಿಂದ ತರಿಸಿ ಮಾರುವ ಅಂಗಡಿಗೆ ಇಲ್ಲ. ಎರಡನ್ನೂ ನಡೆಸುವವರು ಟೆಂಡರಿಗೆ ಕೂರುವ ಮುನ್ನ ತಮ್ಮ ಉದ್ಯಮ್ ಪ್ರಮಾಣಪತ್ರದಲ್ಲಿ ತಯಾರಿಕೆಯ ಚಟುವಟಿಕೆ ನಮೂದಾಗಿದೆಯೇ ಎಂದು ಪರಿಶೀಲಿಸಿಕೊಳ್ಳತಕ್ಕದ್ದು.