ಚಳಿಗೆ ಹೆದರಿ ಹಿರಿಯರನ್ನು ಕೂಡಿಹಾಕಬೇಡಿ

ಮಾಗಿ ಬಂತೆಂದರೆ ಮನೆಯ ಹಿರಿಯರಿಗೆ ಸ್ವೆಟರ್, ಮಂಕಿ ಕ್ಯಾಪ್, ಕಷಾಯ ಎಲ್ಲ ಸಿದ್ಧವಾಗುತ್ತವೆ. ಜತೆಗೊಂದು ಅಪ್ಪಣೆಯೂ: ‘ಚಳಿ ಇದೆ, ಹೊರಗೆ ಹೋಗ್ಬೇಡಿ’. ಮೈ ಬೆಚ್ಚಗಿರುತ್ತದೆ, ಮನಸ್ಸು ಮುದುಡುತ್ತದೆ. ಉತ್ತರ ಯುರೋಪಿನಲ್ಲಿ ಬಿಸಿಲಿನ ಅಭಾವವೇ ಕೆಲವರಿಗೆ ಖಿನ್ನತೆ ತರುತ್ತದೆ. ಬೀದರ್, ವಿಜಯಪುರದಲ್ಲಿ ಎಷ್ಟೇ ಚಳಿ ಬಿದ್ದರೂ ಒಂಬತ್ತರ ಹೊತ್ತಿಗೆ ಸಾಮಾನ್ಯವಾಗಿ ಬಿಸಿಲು ಹಾಜರ್. ನಮ್ಮ ಹಿರಿಯರಿಗೆ ಕೈತಪ್ಪುವುದು ಸೂರ್ಯನಿಗಿಂತ ಹೆಚ್ಚಾಗಿ ದಿನಚರಿ.

ಆದ್ದರಿಂದ ಮೊದಲು ಗಮನಿಸಿ: ಈ ತಿಂಗಳು ಅವರು ಏನೇನು ಬಿಟ್ಟಿದ್ದಾರೆ? ಅರಳಿಕಟ್ಟೆಯ ಹರಟೆಯೇ, ಗುಡಿಯೇ, ಪೇಪರು ಓದುವುದೇ, ಕೊನೆಗೆ ಮೊಮ್ಮಕ್ಕಳ ಮೇಲೆ ರೇಗುವುದೇ? ‘ನನಗೆ ಬೇಜಾರು’ ಎಂದು ಬಾಯಿಬಿಟ್ಟು ಹೇಳುವ ಹಿರಿಯರು ಕಡಿಮೆ. ‘ಮೈಕೈ ನೋವು’, ‘ಊಟ ಸೇರ್ತಿಲ್ಲ’, ‘ನಿದ್ದೆ ಹತ್ತಲ್ಲ’ ಎನ್ನುತ್ತಾರೆ.

ಬಿಟ್ಟದ್ದನ್ನು ಮತ್ತೆ ಶುರು ಮಾಡಿಸಿ, ಹೊತ್ತು ಮಾತ್ರ ಬದಲಿಸಿ. ಐದೂವರೆಯ ವಾಕಿಂಗ್ ಎಂಟೂವರೆಗೆ ಹೋಗಲಿ. ಧನುರ್ಮಾಸದ ಬೆಳಗಿನ ಜಾವದ ಪೂಜೆ ತಪ್ಪಿಸುವುದಿಲ್ಲ ಎಂದು ಹಟ ಹಿಡಿದರೆ, ಹೃದ್ರೋಗ, ಉಬ್ಬಸ ಇಲ್ಲದವರಾದರೆ, ಬೆಚ್ಚಗೆ ಹೊದಿಸಿ ನೀವೂ ಜತೆಗೆ ಹೋಗಿ. ಜಗಳಕ್ಕಿಂತ ಅದೇ ಲೇಸು. ನಡೆಯಲಾಗದವರಿಗೆ ಬಿಸಿಲಲ್ಲಿ ಕುರ್ಚಿ ಹಾಕಿ, ಹಿತ್ತಿಲಲ್ಲಲ್ಲ, ಬೀದಿ ಕಾಣುವ ಕಡೆ. ಹೋಗಿಬರುವವರು ‘ಏನಜ್ಜಿ, ಕಾಫಿ ಆಯ್ತಾ’ ಎಂದರೆ ಅರ್ಧ ದಿನ ಗೆದ್ದಂತೆ. ಬೆಳಗಿನ ಬೆಳಕು ರಾತ್ರಿಯ ನಿದ್ದೆಗೂ ನೆರವಾಗುತ್ತದೆ. ಹಗಲೆಲ್ಲ ಕಂಬಳಿ ಹೊದ್ದು ಮಲಗಿದವರಿಗೆ ಮಧ್ಯರಾತ್ರಿ ಎರಡಕ್ಕೇ ಎಚ್ಚರವಾಗಿಬಿಡಬಹುದು. ಆ ಹೊತ್ತಿನ ಯೋಚನೆಗಳು ಒಳ್ಳೆಯವಲ್ಲ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು.

ಮುಂದಿನದು ಕೆಲಸ. ‘ಸುಮ್ಮನೆ ಕೂತು ವಿಶ್ರಾಂತಿ ತಗೊಳ್ಳಿ’ ಎನ್ನುವುದು ಪ್ರೀತಿಯ ಮಾತೇ ಇರಬಹುದು, ಆದರೆ ಕೇಳಿಸಿಕೊಳ್ಳುವವರಿಗೆ ‘ನಿಮ್ಮಿಂದ ಇನ್ನೇನೂ ಆಗಬೇಕಿಲ್ಲ’ ಎಂದೇ ಕೇಳುತ್ತದೆ. ಇದು ಅವರೆಕಾಯಿಯ ಕಾಲ. ಸೊಗಡಿನ ಕಾಯಿ ಆರಿಸುವುದನ್ನು, ಬಿಡಿಸುವುದನ್ನು, ನೆನೆಸಿದ ಕಾಳು ಹಿತುಕುವುದನ್ನು ಅವರಿಗೇ ಒಪ್ಪಿಸಿ. ಪಕ್ಕದಲ್ಲಿ ಮನೆಯವರೊಬ್ಬರು ಕೂತರೆ ಮಾತು ತಾನಾಗಿ ಬರುತ್ತದೆ. ಸಂಕ್ರಾಂತಿಯ ಎಳ್ಳು ಬೀರುವುದಕ್ಕೆ ಬೆಲ್ಲ, ಕೊಬ್ಬರಿ ಎಷ್ಟು, ಯಾರ್‍ಯಾರ ಮನೆಗೆ ಎಂಬ ತೀರ್ಮಾನವೂ ಅವರದೇ ಇರಲಿ. ದೂರದ ಊರಿನಲ್ಲಿರುವ ಮಕ್ಕಳು ಸಂಜೆ ಒಂದೇ ನಿಗದಿತ ಹೊತ್ತಿಗೆ ಫೋನ್ ಮಾಡಬೇಕು. ‘ಬಿಡುವಾದಾಗ ಮಾಡ್ತೀನಿ’ ಎಂದರೆ ಅವರು ಇಡೀ ಸಂಜೆ ಕಾಯುತ್ತಾರೆ.

ಇಷ್ಟಾದರೂ ಎರಡು ವಾರ ಮಂಕು ಹರಿಯದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಥೈರಾಯ್ಡ್ ದೋಷ, ಬಿ12 ಕೊರತೆ, ಈಗಾಗಲೇ ನುಂಗುತ್ತಿರುವ ಮಾತ್ರೆ, ಇವೂ ಮನಸ್ಸನ್ನು ಕುಗ್ಗಿಸಬಲ್ಲವು. ಕಿವಿ ಮಂದವಾದವರು ಮಾತುಕತೆಯಿಂದ ತಾವೇ ಹಿಂದೆ ಸರಿಯುತ್ತಾರೆ, ಅದನ್ನೂ ಪರೀಕ್ಷಿಸಿ. ಮನೆಯಲ್ಲಿ ಉಳಿದ ನಿದ್ದೆ ಮಾತ್ರೆಯನ್ನು ಮಾತ್ರ ಕೊಡಬೇಡಿ. ಬಿದ್ದು ಸೊಂಟ ಮುರಿದುಕೊಂಡಾರು. ಒಂದೆರಡು ದಿನದಲ್ಲೇ ಗೊಂದಲ, ಗುರುತು ಮರೆಯುವುದು ಕಂಡರೆ ಕಾಯಲೇಬೇಡಿ. ವಯಸ್ಸಾದವರಲ್ಲಿ ನ್ಯುಮೋನಿಯಾ ಜ್ವರವಿಲ್ಲದೆಯೂ ಹೀಗೆ ಕಾಣಿಸಿಕೊಳ್ಳಬಹುದು.

‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರೆ ಗದರಬೇಡಿ, ಏನನ್ನಿಸುತ್ತಿದೆ ಎಂದು ನೇರವಾಗಿ ಕೇಳಿ. ಒಬ್ಬರನ್ನೇ ಬಿಡಬೇಡಿ, ಕೀಟನಾಶಕ, ಮಾತ್ರೆಗಳಿಗೆ ಬೀಗ ಹಾಕಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567. ಎರಡನ್ನೂ ಇವತ್ತೇ ಅವರ ಫೋನಿನಲ್ಲಿ ಹಾಕಿಕೊಡಿ.